ಮುಂಬರುವ ಕಾಲದಲ್ಲಿ ನಮ್ಮ ಪಾಲು

ನಾಳೆಯ ಮಾತು ಆಡುವವರನ್ನು ನಾನು ಅರ್ಧ ನಂಬುತ್ತೇನೆ. ಮುಂದಿನ ವರ್ಷದ ಮಾತು ಆಡುವವರನ್ನು ಕಾಲುಭಾಗ. ‘ಇನ್ನು ಇಪ್ಪತ್ತೈದು ವರ್ಷದಲ್ಲಿ ಪ್ರಪಂಚ ಎತ್ತ ಹೋಗುತ್ತದೆ ಗೊತ್ತೇ?’ ಎಂದು ಯಾರಾದರೂ ಶುರುಮಾಡಿದರೆ ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಗುತ್ತದೆ. ದಾದರ್ ಸ್ಟೇಷನ್ನಿನ ಸೇತುವೆಯ ನೂಕುನುಗ್ಗಲಿನಲ್ಲಿ ದಿನಕ್ಕೆರಡು ಸಲ ಜೇಬು ಹಿಡಿದುಕೊಂಡು ನಡೆದು ಅಭ್ಯಾಸವಾದ ಕೈ ಅದು.

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಬೆಂಕಿಪೊಟ್ಟಣ ಕೊಂಡರೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ. ಹಾಲಿನ ಭೈಯ್ಯಾ ನನ್ನನ್ನು ಕಂಡು ನಕ್ಕ ದಿನ ಹಾಲಿಗೆ ನೀರು ಜಾಸ್ತಿ ಬಿದ್ದಿದೆಯೆಂದೇ ತೀರ್ಮಾನ. ಹೊಟ್ಟೆಪಾಡಿನ ಕೆಲಸವೂ ಅದಕ್ಕೆ ತಕ್ಕಂತೆ ಸಿಕ್ಕಿತು. ಮುಂಬಯಿಯ ಫೋರ್ಟ್ ಪೇಟೆಯ ಒಂದು ವಿಮಾ ಕಚೇರಿಯಲ್ಲಿ ನಾನು ಗುಮಾಸ್ತ. ಬೆಂಕಿ ಬಿದ್ದ ಗೋದಾಮು, ಸಮುದ್ರದ ನೀರು ಕುಡಿದ ಹತ್ತಿಯ ಬೇಲು, ಯಾವುದರ ಅರ್ಜಿ ಬಂದರೂ ಮೊದಲು ಓದುವವನು ನಾನು. ಅರ್ಜಿಯಲ್ಲಿ ಎಲ್ಲಿ ಸುಳ್ಳಿದೆ ಎಂದು ಮೂಸಿ ಹೇಳುವುದಕ್ಕೆ ತಿಂಗಳ ಸಂಬಳ. ಈ ಖ್ಯಾತಿ ನಾವಿದ್ದ ಚಾಳಿಗೂ, ಎಂದರೆ ಆ ಒಂದೊಂದು ಕೋಣೆಯ ಸಾಲುಮನೆಗಳಿಗೂ ಹಬ್ಬಿತ್ತು. ಯಾರು ಹೊಸ ಗಡಿಯಾರ ಕೊಂಡರೂ, ಯಾರ ಮಗಳಿಗೆ ಗಂಡು ಗೊತ್ತಾದರೂ ಒಮ್ಮೆ ನನಗೆ ತೋರಿಸಿಕೊಂಡು ಹೋಗುವುದು ವಾಡಿಕೆಯಾಗಿತ್ತು.

ಭವಿಷ್ಯ ಹೇಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಯುಗಾದಿಯ ದಿನ ಪಂಚಾಂಗ ಶ್ರವಣ ಕೇಳಿಯೇ ಬೆಳೆದವನು ನಾನು. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂದು ಮೈಸೂರಿನ ನಮ್ಮ ಬೀದಿಯ ಜೋಯಿಸರು ಓದುತ್ತಿದ್ದರು. ನನ್ನ ರಾಶಿಗೆ ವ್ಯಯವೇ ಹೆಚ್ಚು. ಗ್ರಹಗಳು ಯಾವ ಮನೆಗೆ ಹೋದರೂ ಈ ವಿಷಯದಲ್ಲಿ ಮಾತ್ರ ಅವಕ್ಕೆ ಒಮ್ಮತ. ಆದರೂ ಜೋಯಿಸರ ಮೇಲೆ ನನಗೆ ಗೌರವವಿದೆ. ಅವರು ಒಂದು ವರ್ಷಕ್ಕಿಂತ ಮುಂದೆ ಹೋಗುವುದಿಲ್ಲ. ಹೇಳಿದ್ದು ತಪ್ಪಾದರೆ ಮುಂದಿನ ಯುಗಾದಿಗೆ ಅದೇ ಜಗುಲಿಯ ಮೇಲೆ ಅದೇ ಜನರ ಎದುರಿಗೆ ಕೂರಬೇಕು. ಇಪ್ಪತ್ತೈದು ವರ್ಷದ ಫಲ ಹೇಳುವವರಿಗೆ ಈ ಭಯವಿಲ್ಲ.

ಅಂಥವರೊಬ್ಬರು ನಮ್ಮ ಚಾಳಿನ ಮೂರನೆಯ ಮಾಳಿಗೆಯಲ್ಲಿದ್ದರು. ಅಶ್ವತ್ಥರಾಯರು, ಬೆಂಗಳೂರಿನ ಕಡೆಯವರು, ಐವತ್ತು ದಾಟಿದ ಬ್ರಹ್ಮಚಾರಿ. ವಿದೇಶದಿಂದ ಸಾಮಾನು ತರಿಸುವ ಕಚೇರಿಯಲ್ಲಿ ಟೈಪಿಸ್ಟರು. ಅಲ್ಲಿ ಸಾಹೇಬರು ಓದಿ ಬಿಸಾಡಿದ ವಿಲಾಯತಿ ವ್ಯಾಪಾರದ ಪತ್ರಿಕೆಗಳು ರಾಯರ ಕೋಣೆಗೆ ಬಂದು ಪುನರ್ಜನ್ಮ ಪಡೆಯುತ್ತಿದ್ದವು. ಅವನ್ನೆಲ್ಲ ಓದಿ ಅವರು ಒಂದು ಸಿದ್ಧಾಂತ ಕಟ್ಟಿದ್ದರು. ದುಡ್ಡು ಹಾಕುವವನು ಇವತ್ತಿನ ಪೇಟೆಯ ಧಾರಣೆ ನೋಡಬಾರದು, ಪ್ರಪಂಚ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಬೇಕು, ಆ ಹರಿವಿನಲ್ಲಿ ದೋಣಿ ಬಿಟ್ಟು ಸುಮ್ಮನೆ ಕೂರಬೇಕು. ಅವರು ಕಂಡುಕೊಂಡ ಹರಿವು ನೈಲಾನು. ಹತ್ತಿಯ ಕಾಲ ಮುಗಿಯಿತು, ಪರೇಲಿನ ಮಿಲ್ಲುಗಳ ಚಿಮಣಿಗಳಲ್ಲಿ ಇನ್ನು ಪಾರಿವಾಳ ಗೂಡು ಕಟ್ಟುತ್ತವೆ, ಕಲ್ಲಿದ್ದಲಿನಿಂದ, ಗಾಳಿಯಿಂದ ನೂಲು ತೆಗೆಯುವ ಕಾಲ ಬಂತು ಎನ್ನುತ್ತಿದ್ದರು. ಠಾಣೆಯ ಕಡೆ ಅಂಥ ನೂಲು ತೆಗೆಯಲು ಹೊಸದೊಂದು ಕಂಪನಿ ಏಳುತ್ತಿದೆ, ಚಾಳಿನ ನಾಲ್ಕಾರು ಮನೆಯವರು ಸೇರಿ ಷೇರು ಕೊಳ್ಳೋಣ ಎಂದು ಮನೆಮನೆಗೂ ಬಂದು ಹೇಳಿದರು.

ನಮ್ಮ ಮನೆಯಲ್ಲಿ ದುಡ್ಡು ಇದ್ದದ್ದು ನನ್ನ ಹತ್ತಿರವಲ್ಲ, ನನ್ನ ಹೆಂಡತಿ ಪದ್ಮಳ ಹತ್ತಿರ. ಚಾಳಿನ ಕೆಳಗೆ ಉಡುಪಿಯ ಭಟ್ಟರ ಹೋಟೆಲಿದೆ. ಅದಕ್ಕೆ ಹಪ್ಪಳ ಒತ್ತಿ ಕೊಟ್ಟು ಒಂಬತ್ತು ವರ್ಷ ಅವಳು ಕೂಡಿಟ್ಟದ್ದು ಅದು. ಯಾತಕ್ಕೆಂದರೆ, ಒಂದು ನಲ್ಲಿಗೆ. ನಮ್ಮ ಮಾಳಿಗೆಯ ಹದಿನಾಲ್ಕು ಮನೆಗಳಿಗೆ ಒಂದೇ ನಲ್ಲಿ. ನೀರು ಬರುವುದು ಬೆಳಗಿನ ನಾಲ್ಕೂವರೆಗೆ, ಹೋಗುವುದು ಅದಕ್ಕೆ ಮನಸ್ಸು ಬಂದಾಗ. ಮದುವೆಯಾಗಿ ಮುಂಬಯಿಗೆ ಬಂದ ಮಾರನೆಯ ದಿನದಿಂದ ಪದ್ಮ ಆ ಸಾಲಿನಲ್ಲಿ ನಿಂತಿದ್ದಾಳೆ. ಆಂಟಾಪ್ ಹಿಲ್ಲಿನ ಕಡೆ ಹೊಸ ಬಿಲ್ಡಿಂಗುಗಳು ಏಳುತ್ತಿದ್ದವು, ಮನೆಯೊಳಗೇ ನಲ್ಲಿ ಇರುವಂಥವು. ಮಾಲೀಕನಿಗೆ ಮುಂಗಡವಾಗಿ ‘ಪಗಡಿ’ ಎಂಬ ದುಡ್ಡು ಕಟ್ಟಿದರೆ ಅಲ್ಲೊಂದು ಕೋಣೆ ಬಾಡಿಗೆಗೆ ಸಿಗುತ್ತಿತ್ತು. ಇನ್ನೊಂದು ವರ್ಷ ಹಪ್ಪಳ ಒತ್ತಿದ್ದರೆ ಅವಳ ಗಂಟು ಸಾಕಾಗುತ್ತಿತ್ತು. ರಾಯರು ಹೇಳಿದ್ದು, ಎರಡೇ ವರ್ಷ ತಾಳಿದರೆ ಆಂಟಾಪ್ ಹಿಲ್ ಯಾಕೆ, ವಿಲೆ ಪಾರ್ಲೆಯಲ್ಲೇ ಅಂಗಳವಿರುವ ಮನೆ.

ನನಗೆ ಅನುಮಾನ ಬಂತು. ಬಾರದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮನುಷ್ಯ ಯಾರ ಕಡೆಯವನು, ಕಂಪನಿಯಿಂದ ಕಮಿಷನ್ ಪಡೆಯುತ್ತಾನೋ ಏನೋ ಎಂದು ಎರಡು ತಿಂಗಳು ಪತ್ತೇದಾರಿ ನಡೆಸಿದೆ. ಅವರ ಕಚೇರಿಯ ಜವಾನನಿಗೆ ಚಹಾ ಕುಡಿಸಿದೆ. ಪ್ರತಿ ಭಾನುವಾರ ಒಂಟಿಯಾಗಿ ಎಲ್ಲಿಗೋ ಹೋಗುತ್ತಾರೆಂದು ಗೊತ್ತಾಯಿತು. ಸರಿ, ಒಂದು ಭಾನುವಾರ ಹಿಂಬಾಲಿಸಿದೆ. ದಾದರಿನಲ್ಲಿ ಲೋಕಲ್ ರೈಲು ಹತ್ತಿದರು. ಪಕ್ಕದ ಡಬ್ಬಿಯಲ್ಲಿ ನಾನು. ವಿಲೆ ಪಾರ್ಲೆಯಲ್ಲಿ ಇಳಿದು ಬಸ್ಸಿನ ಕಾಸು ಉಳಿಸಿಕೊಂಡು ಬಿಸಿಲಿನಲ್ಲಿ ನಡೆದೇ ನಡೆದರು. ಕೊನೆಗೆ ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಕೊಡೆ ಬಿಚ್ಚಿ ನಿಂತರು. ವಿಮಾನ ಇಳಿಯಿತು. ಮೆಟ್ಟಿಲಿಳಿದು ಬರುತ್ತಿದ್ದ ಜನರನ್ನು ಕಣ್ಣು ಕಿರಿದು ಮಾಡಿ ನೋಡುತ್ತಾ ಪುಟ್ಟ ಪುಸ್ತಕದಲ್ಲಿ ಗೆರೆ ಎಳೆಯತೊಡಗಿದರು. ನಾನು ಮರದ ಮರೆಯಲ್ಲಿ ನಿಲ್ಲುವುದಕ್ಕೆ ಅಲ್ಲಿ ಮರವೇ ಇರಲಿಲ್ಲ. ನನ್ನನ್ನು ಕಂಡು ರಾಯರು ಗಾಬರಿಯಾಗಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ. ಇಳಿದ ಹೆಂಗಸರಲ್ಲಿ ಅರ್ಧಕ್ಕೆ ಅರ್ಧ ನೈಲಾನು ಉಟ್ಟಿದ್ದಾರೆ, ಹೋದ ವರ್ಷ ಹೀಗಿರಲಿಲ್ಲ ಎಂದು ಪುಸ್ತಕ ತೋರಿಸಿದರು. ಆಮೇಲೆ ತಿಂಡಿಯ ಡಬ್ಬಿ ತೆಗೆದು ಅವಲಕ್ಕಿಯಲ್ಲಿ ನನಗೂ ಪಾಲು ಕೊಟ್ಟರು. ಅವರ ಕೋಟಿನ ಮೊಣಕೈಗೆ ತೇಪೆ ಹಾಕಿತ್ತು.

ನಾನು ಕಳ್ಳನನ್ನು ಹಿಡಿಯಲು ಹೋದವನು. ಇಷ್ಟು ಶುದ್ಧ ಮನುಷ್ಯ ಸಿಕ್ಕಿದಾಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬರುವಾಗ ರೈಲಿನ ಒಂದೇ ಡಬ್ಬಿಯಲ್ಲಿ ಕೂತು ಬಂದೆವು. ದಾದರ್ ಬರುವಷ್ಟರಲ್ಲಿ ನೈಲಾನು ನನ್ನ ತಲೆಗೂ ಏರಿತ್ತು.

ಪದ್ಮ ತನ್ನದೇ ಒಂದು ಪರೀಕ್ಷೆ ನಡೆಸಿದ್ದಳು. ಮಧ್ಯಾಹ್ನ ಬುಟ್ಟಿ ಹೊತ್ತು ಬರುವ ಪಾತ್ರೆಯವಳು ಹಳೆಯ ಬಟ್ಟೆ ತೆಗೆದುಕೊಂಡು ಅದಕ್ಕೆ ತಕ್ಕ ಪಾತ್ರೆ ಕೊಡುತ್ತಾಳೆ. ರಾಯರು ಮಾದರಿಗೆಂದು ಕೊಟ್ಟಿದ್ದ ನೈಲಾನಿನ ತುಂಡನ್ನು ಪದ್ಮ ಅವಳ ಕೈಗಿಟ್ಟಳಂತೆ. ಅವಳು ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, ಇದು ನೆಲ ಒರೆಸಲೂ ಆಗದು, ಕೌದಿಗೂ ಆಗದು, ಒಂದು ಚಮಚವೂ ಕೊಡೆನೆಂದು ಹಿಂದಕ್ಕೆ ಎಸೆದಳಂತೆ. ನಾನು ನಕ್ಕೆ. ಬುಟ್ಟಿ ಹೊರುವವಳಿಗೆ ಪ್ರಪಂಚದ ಹರಿವು ಏನು ಗೊತ್ತು ಎಂದೆ. ಪದ್ಮ ಎದ್ದು ಹೋಗಿ ಗಂಟು ತಂದಿಟ್ಟಳು.

“ನೀವು ನೋಡಿದೀರಲ್ಲ, ಸಾಕು ಬಿಡಿ. ನಿಮ್ಮ ಕಣ್ಣು ತಪ್ಪಿಸಿ ಯಾವ ಮೋಸ ತಾನೇ ಹೋಗತ್ತೆ?”

ನನ್ನ ಅನುಮಾನದ ಮೇಲೆ ಅವಳಿಗೆ ಅಷ್ಟು ನಂಬಿಕೆ. ಅವಳೊಬ್ಬಳಿಗೇ ಅಲ್ಲ. ಮಾರನೆಯ ದಿನ ಹೋಟೆಲಿನ ಭಟ್ಟರು ಗಲ್ಲಾದಿಂದ ಎದ್ದು ಬಂದು, “ನೀವೇ ಹಾಕಿದ್ದೀರಂತಲ್ಲ ಮಾರಾಯ್ರೆ, ಹಾಗಾದ್ರೆ ನಂದೂ ಬರ್ಕೊಳ್ಳಿ ಅಂತ ರಾಯರಿಗೆ ಹೇಳಿ” ಎಂದರು. ವಾರದೊಳಗೆ ಇನ್ನೂ ಐದು ಮನೆಯವರು ಸೇರಿದರು. ರಾಯರ ಪತ್ರಿಕೆಗಳನ್ನು ನೋಡಿ ಸೇರಿದವರು ಒಬ್ಬರೂ ಇಲ್ಲ. ಎಲ್ಲರೂ ನನ್ನನ್ನು ನೋಡಿ ಸೇರಿದವರು. ಆ ವಾರ ನಾನು ಚಾಳಿನ ಮೆಟ್ಟಿಲನ್ನು ಸ್ವಲ್ಪ ಎದೆ ಮುಂದೆ ಮಾಡಿಯೇ ಹತ್ತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ವಿದೇಶದಿಂದ ಯಂತ್ರಗಳು ಬರಬೇಕಿತ್ತು. ಪರವಾನಗಿ ಸಿಗದೆ ಬರಲಿಲ್ಲ. ಕಂಪನಿ ಮೂರು ವರ್ಷ ಒಳ್ಳೆಯ ಕಾಗದದ ಮೇಲೆ ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರ ಬರೆಯಿತು. ಆಮೇಲೆ ಒಂದು ಮೊಳ ನೂಲೂ ತೆಗೆಯದೆ ಬಾಗಿಲು ಹಾಕಿತು. ಯಂತ್ರ ಕೂರಿಸಲು ಕಟ್ಟಿದ್ದ ಷೆಡ್ಡಿನಲ್ಲಿ ಈಗ ಸಿಮೆಂಟಿನ ಚೀಲಗಳಿವೆಯಂತೆ.

ಆದರೆ ನೋಡಿ, ರಾಯರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ನಾನು ಹೋಗುವ ಬೆಳಗಿನ ಲೋಕಲಿನಲ್ಲಿ ಹೆಂಗಸರ ಡಬ್ಬಿಯ ತುಂಬ ಈಗ ನೈಲಾನೇ. ಹೋದ ತಿಂಗಳು ಆ ಪಾತ್ರೆಯವಳೇ ಹೂವಿನ ಚಿತ್ತಾರದ ನೈಲಾನು ಸೀರೆ ಉಟ್ಟು ಬಂದಿದ್ದಳು. ಪ್ರಪಂಚ ಅವರು ಬೆರಳು ತೋರಿಸಿದ ಕಡೆಗೇ ಹರಿಯಿತು, ನಮ್ಮ ದುಡ್ಡು ಮಾತ್ರ ದಡದಲ್ಲೇ ಉಳಿಯಿತು. ರಾಯರ ದುಡ್ಡೂ ಹೋಯಿತು, ಎಲ್ಲರಿಗಿಂತ ಹೆಚ್ಚಾಗಿ. ಸುದ್ದಿ ಬಂದ ದಿನ ನಮ್ಮ ಬಾಗಿಲಲ್ಲಿ ಬಂದು ನಿಂತರು. ಪದ್ಮ ಒಳಗೆ ಕರೆದು ಕಾಫಿ ಕೊಟ್ಟಳು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯಾದದ್ದು ನನ್ನ ಕಸುಬಿನ ಬಗ್ಗೆ. ಎರಡು ತಿಂಗಳು ನಾನು ಹುಡುಕಿದ್ದು ಅವರು ಕಳ್ಳರೇ ಎಂದು ಮಾತ್ರ. ಕಳ್ಳನಲ್ಲದವನ ಕೈಯಲ್ಲೂ ದುಡ್ಡು ಮುಳುಗಬಹುದೆಂದು ಹೊಳೆಯಲೇ ಇಲ್ಲ. ಅವರ ಪ್ರಾಮಾಣಿಕತೆಗೆ ರಸೀದಿ ಪಡೆದು, ಅದನ್ನೇ ಕಂಪನಿಯ ರಸೀದಿಯೆಂದು ಮನೆಗೆ ತಂದಿದ್ದೆ.

ಪದ್ಮ ಮತ್ತೆ ಹಪ್ಪಳದ ಮಣೆ ತೆಗೆದಳು, ಅಷ್ಟೆ. ಬದಲಾದದ್ದು ಒಂದೇ. ಮೊದಲೆಲ್ಲ ಸೌಟು ಕೊಂಡರೂ ನನಗೆ ತೋರಿಸುತ್ತಿದ್ದವಳು, ಹೋದ ಮಳೆಗಾಲಕ್ಕೆ ಹೊಸ ಕೊಡೆ ತಂದು ನನಗೆ ತೋರಿಸದೆಯೇ ಮೊಳೆಗೆ ತೂಗುಹಾಕಿದಳು. ಆ ಕೊಡೆ ನೋಡಿ ನನಗೆ ನಿಜವಾಗಿ ದುಃಖವಾಯಿತು.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಎರಡು ಕೊಡ ಎತ್ತಿಕೊಂಡು ನಲ್ಲಿಯ ಸಾಲಿಗೆ ಹೋದೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಅಲ್ಲಿದ್ದ ಹೆಂಗಸರೆಲ್ಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪದ್ಮಾಬಾಯಿಗೆ ಜ್ವರವೇ ಎಂದು ಒಬ್ಬಳು ಮರಾಠಿಯಲ್ಲಿ ಕೇಳಿದಳು. ಇಲ್ಲವೆಂದಾಗ ಅವರ ಅನುಮಾನ ಇನ್ನೂ ಹೆಚ್ಚಿತು. ಇನ್ನೊಬ್ಬಳು ತನ್ನ ಕೊಡವನ್ನು ಕಾಲಿನಿಂದ ಮುಂದಕ್ಕೆ ಸರಿಸಿಕೊಂಡಳು. ಅನುಮಾನದಲ್ಲಿ ನನಗಿಂತ ಪಳಗಿದವರು ನನ್ನ ಬಾಗಿಲಿನ ಎದುರಿಗೇ ಇದ್ದರು. ನಾನು ಆ ಹೊತ್ತಿಗೆ ಯಾವತ್ತೂ ಎದ್ದಿರಲಿಲ್ಲ. ನಲ್ಲಿ ಸುಯ್ಯೆಂದು ಗಾಳಿ ಬಿಡುತ್ತಿತ್ತು.

ತಿರುಗಿ ನೋಡಿದರೆ ಪದ್ಮ ಸೆರಗು ಹೊದ್ದು ಗ್ಯಾಲರಿಯ ಕಟಕಟೆಗೆ ಒರಗಿ ನಿಂತಿದ್ದಳು. ನಾನು ಹತ್ತಿರ ಹೋಗಿ ಹೇಳಿದೆ: ನನ್ನ ಮುಂದೆ ಆರೇ ಜನ ಇದ್ದಾರೆ, ನೀರು ಇನ್ನೇನು ಬಂದೇ ಬಿಡುತ್ತದೆ, ಅರ್ಧ ಗಂಟೆಯಲ್ಲಿ ಎರಡೂ ಕೊಡ ಒಳಗಿರುತ್ತವೆ, ಇನ್ನು ಮುಂದೆ ದಿನಾ ಹೀಗೇ, ನೀನು ಹೋಗಿ ಮಲಗು.

ಅವಳು ನನ್ನನ್ನೊಮ್ಮೆ, ಖಾಲಿ ಕೊಡಗಳನ್ನೊಮ್ಮೆ ನೋಡಿದಳು.

“ಒಂದು ಕೊಡ ತುಂಬಿ ಒಳಗೆ ಬರ್ಲಿ,” ಎಂದಳು, “ಆಮೇಲೆ ಮಲಗ್ತೀನಿ.”