ಗೀರು ಬಿದ್ದ ಪೈಲ್ವಾನ

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲ ಅಂಗೈಯಲ್ಲಿ ಹುಣಸೆಬೀಜದಷ್ಟು ದಪ್ಪನೆಯ ಜಡ್ಡಿತ್ತು. ಉಳಿಯ ಹಿಡಿ ಒತ್ತಿ ಒತ್ತಿ ಆದದ್ದು. ವಿಜಯನಗರದ ಮನೆಯ ಮಹಡಿಯಲ್ಲಿ ಕೂತು ಮರದ ಹಲಗೆ ಕೆತ್ತುವರು. ಮಸಿ ಸವರಿ, ಮೇಲೆ ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ ಚಿತ್ರ ತೆಗೆಯುವರು. "ಅದೇ ಸೌಟಲ್ಲಿ ನಿಮಗೆ ಸಾರು ಬಡಿಸ್ತೀನಿ, ನೋಡ್ತಿರಿ!" ಎಂದು ಅವರ ಹೆಂಡತಿ ಕೆಳಗಿನಿಂದ ಕೂಗುತ್ತಿದ್ದರು.

ಕೆತ್ತಿದ್ದೆಲ್ಲ ಯುದ್ಧದ ವಿರುದ್ಧವೇ. ಬಾಂಬು ಬಿದ್ದ ಊರಿನ ಕರಗಿದ ಲೋಟ, ಗೋಡೆಯ ಮೇಲೆ ಉಳಿದ ಮನುಷ್ಯನ ನೆರಳು. ಬೇರೇನೂ ಯಾಕೆ ಕೆತ್ತಲ್ಲ ಸಾರ್ ಎಂದು ಒಮ್ಮೆ ಕೇಳಿದ್ದಕ್ಕೆ ಹಳೆಯ ಹಲಗೆಯೊಂದನ್ನು ತೋರಿಸಿದರು. ನಮ್ಮ ದೇಶ ಅಣುಬಾಂಬಿನ ಪರೀಕ್ಷೆ ಮಾಡಿದಾಗ ಬೀದಿಯವರೆಲ್ಲ ಸಿಹಿ ಹಂಚಿದ್ದರಂತೆ. ಇವರು ಅಣಬೆಯಂಥ ಹೊಗೆಯನ್ನು ಮೀಸೆ ತಿರುವುವ ಪೈಲ್ವಾನನಾಗಿ ಕೆತ್ತಿ, ಅಚ್ಚು ತೆಗೆದು ಮನೆಮನೆಗೂ ಕೊಟ್ಟಿದ್ದರಂತೆ.

"ಖುಷಿಯಿಂದ ಕೆತ್ತಿದೆ ಕಣಮ್ಮ. ಅದೇ ನಾಚಿಕೆ."

ಹೋದ ವರ್ಷ ನಾವು ಹಳೆಯ ವಿದ್ಯಾರ್ಥಿಗಳು ರಾಜಾಜಿನಗರದಲ್ಲಿ ಅವರ ಪ್ರದರ್ಶನ ಇಟ್ಟೆವು. ಗಡಿಯಲ್ಲಿ ಗುಂಡಿನ ಸದ್ದು, ಟೀವಿಯಲ್ಲಿ ಬಾಂಬು ಹಾಕಿ ಮುಗಿಸಿಬಿಡಿ ಎಂಬ ಅರಚಾಟ. ಪೈಲ್ವಾನನನ್ನೂ ಗೋಡೆಗೆ ಹಾಕಲೇಬೇಕೆಂದು ಮೇಷ್ಟ್ರು ಹಟ ಹಿಡಿದರು. ಬೇಡಿ ಸಾರ್ ಅಂದೆ.

"ನಾನೇ ಮಾಡಿದ್ದಲ್ವೇನಮ್ಮ? ಬಚ್ಚಿಟ್ಟು ಒಳ್ಳೆಯವನಾಗ್ಲಾ?"

ಜನ ಕರಗಿದ ಲೋಟದ ಮುಂದೆ ನಿಲ್ಲಲೇ ಇಲ್ಲ. ಪೈಲ್ವಾನನ ಮುಂದೆ ಮಾತ್ರ ಗುಂಪೋ ಗುಂಪು, ಸೆಲ್ಫಿ ಬೇರೆ. "ಸಖತ್ತಾಗಿದೆ ಸಾರ್! ಟೀಶರ್ಟ್ ಮೇಲೆ ಹಾಕಿಸ್ತೀವಿ, ನಮಗೊಂದು ಪ್ರಿಂಟ್ ಕೊಡಿ" ಎಂದ ಒಬ್ಬ ಹುಡುಗ. ಅವನ ಮುಸುಡಿಗೆ ಬಾರಿಸೋಣ ಅನ್ನಿಸಿತು ನನಗೆ. ಮೇಷ್ಟ್ರು ತಲೆ ಎತ್ತಲಿಲ್ಲ.

ಅಚ್ಚಿನ ಕೆಲಸದವರಲ್ಲಿ ಒಂದು ರೂಢಿಯುಂಟು. ಇನ್ನು ಈ ಚಿತ್ರ ತೆಗೆಯುವುದಿಲ್ಲ ಎಂದಾದಾಗ ಹಲಗೆಗೆ ಅಡ್ಡ ಗೀರು ಹಾಕಿ, ಆ ಗೀರಿನ ಸಮೇತ ಕೊನೆಯ ಪ್ರತಿ ತೆಗೆದಿಡುತ್ತಾರೆ. ಮರುದಿನ ಮೇಷ್ಟ್ರು ಉಳಿ ಹಿಡಿದು ಪೈಲ್ವಾನನ ಮೇಲೆ ಮೂಲೆಯಿಂದ ಮೂಲೆಗೆ ಗೀರಿದರು. ಮಸಿ ಸವರಿ ಕೊನೆಯ ಪ್ರತಿ ತೆಗೆದು ನನ್ನ ಕೈಗಿತ್ತರು.

"ಇಷ್ಟು ವರ್ಷ ಯಾಕೆ ಬಿಟ್ಟಿದ್ರಿ ಸಾರ್?"

ಉಳಿಯ ಮಸಿ ಒರೆಸಿ ಪಕ್ಕಕ್ಕಿಟ್ಟರು. "ಕೆತ್ತನೆ ಚೆನ್ನಾಗಿ ಬಂದಿತ್ತಲ್ಲಮ್ಮ. ಮನಸ್ಸಾಗ್ಲಿಲ್ಲ."

ದೀಪಾವಳಿಗೆ ಮುಂಚೆಯೇ ಮೇಷ್ಟ್ರು ತೀರಿಹೋದರು. ಆ ಕೊನೆಯ ಪ್ರತಿ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ, "ಅಯ್ಯೋ, ಎಷ್ಟು ಚೆನ್ನಾಗಿರೋ ಚಿತ್ರಾನ ಹಾಳು ಮಾಡಿದಾರಲ್ಲ!" ಎನ್ನುತ್ತಾರೆ. ನಾನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಆದರೆ ಒಬ್ಬಳೇ ನಿಂತು ನೋಡುವಾಗ, ಒಂದು ಕ್ಷಣ ನನಗೂ ಹಾಗೇ ಅನ್ನಿಸಿಬಿಡುತ್ತದೆ.