ಸೀನಿಗೆ ಮುನ್ನ

ಸೀನು ಬರುವ ಮುನ್ನ ಜನ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನಾನು ಕಾಲಿನ ಮೇಲೆ ಕಾಲು ಹಾಕುತ್ತೇನೆ. ಇದನ್ನು ಗತ್ತೆಂದು ತಿಳಿದವರುಂಟು. ಓದುಗ ಮಹಾಶಯರೇ, ಮೂರು ಹೆತ್ತವಳಿಗೆ ಗತ್ತೆಲ್ಲಿಂದ ಬರಬೇಕು? ಅದು ಬರೀ ಮುಂಜಾಗ್ರತೆ.

ಎಂಬತ್ತರ ದಶಕದ ಕೊನೆಗೆ, ಶಿರಗುಪ್ಪಿಯ ನಮ್ಮ ಮನೆಯಲ್ಲಿ, ನನ್ನ ಮೂರನೆಯ ಬಾಣಂತನಕ್ಕೆ ಅತ್ತೆಯವರು ತಮ್ಮ ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಹೊಟ್ಟೆಗೆ ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು ಬಿಗಿದರು. "ಸಡಲ ಬಿಟ್ರ ಹೊಟ್ಟಿ ಜೋತು ಬೀಳತೈತಿ ತಂಗಿ" ಎಂಬ ಅವರ ಕಳಕಳಿಯಲ್ಲಿ ಕಲ್ಮಶವಿರಲಿಲ್ಲ. ಹೊಟ್ಟೆಯೇನೋ ಒಳಗೆ ಹೋಯಿತು. ಆದರೆ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಸೀರೆ ತೋಯತೊಡಗಿತು. ವರ್ಷ ಕಳೆದರೂ ನಿಲ್ಲಲಿಲ್ಲ. ನಗುವುದನ್ನು ಬಿಟ್ಟೆ, ಬಸ್ಸು ಹತ್ತುವುದನ್ನು ಬಿಟ್ಟೆ. ಇನ್ನೈದು ತಿಂಗಳಿಗೆ ಅಥಣಿಯಲ್ಲಿ ನನ್ನ ಒಬ್ಬನೇ ತಮ್ಮನ ಮದುವೆಯೆಂದು ತಿಳಿದಾಗ, ಹೋಗದಿರಲು ನೆಪ ಹುಡುಕುತ್ತ ಕುಳಿತೆ. ದಣಿದಿದ್ದೆ, ನಿಜಕ್ಕೂ ದಣಿದಿದ್ದೆ.

ಕೂಸಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸಬಾಯಿಯ ಎದುರೇ ಒಮ್ಮೆ ಸೀನು ಬಂತು. ನಾನು ಗೋಡೆ ಹಿಡಿದ ರೀತಿಯಲ್ಲೇ ಆಕೆಗೆ ಎಲ್ಲ ತಿಳಿಯಿತು.

"ಕೆಳಗಿನ ಸ್ನಾಯು ಸೋತಾವ್ರಿ. ಬಾಣಂತನದಾಗ ಹೊಟ್ಟಿ ಕಟ್ಟಿರಬೇಕ, ಅಷ್ಟ ಬಿಗೀಬಾರದಿತ್ತು. ಉಚ್ಚಿ ತಡದಂಗ ಒಳಗ ಬಿಗಿ ಹಿಡೀರಿ, ಐದ ಎಣಸ್ರಿ, ಬಿಡ್ರಿ. ಉಸರ ಕಟ್ಟಬ್ಯಾಡ್ರಿ. ಹತ್ತ ಸಲ, ದಿನಕ್ಕ ಮೂರ ಹೊತ್ತ, ತಿಂಗಳಗಟ್ಟಲೆ. ಬಸರಿದ್ದಾಗಿಂದನ ಮಾಡಿದ್ರ ಇನ್ನೂ ಚೊಲೋ ಇತ್ತು."

ಬಾಗಿಲ ಹಿಂದೆ ಜೋಳ ಕೇರುತ್ತಿದ್ದ ಅತ್ತೆಯವರ ಮೊರದ ಸದ್ದು ನಿಂತಿತು. "ಅರವತ್ತಾದವ್ರಿಗೂ ಆಗತೈತೇನ್ರಿ ಬಾಯಿ?"

"ಯಾಕಾಗೂದಿಲ್ರಿ? ಮಾಡ್ರಿ."

ಮೊಣಕಾಲು ನೋವೆಂದು ಮೂವತ್ತು ವರ್ಷ ಯಾವ ಊರಿನ ಮದುವೆಗೂ ಹೋಗದ ಅತ್ತೆಯವರ ಮೊಣಕಾಲು ನನ್ನ ಬೆನ್ನಿಗೆ ಎಷ್ಟು ಗಟ್ಟಿಯಾಗಿ ಒತ್ತಿತ್ತೆಂಬುದು ಆಗ ನೆನಪಾಯಿತು. ಅಯ್ಯೋ, ಇವರೂ ನನ್ನಂತೆಯೇ! ಸಿಟ್ಟೂ ಬಂತು, ಅಳುವೂ ಬಂತು. ಒಂದೇ ಮನೆಯ ಇಬ್ಬರು ಹೆಂಗಸರು ಬೇರೆ ಬೇರೆ ಹಗ್ಗದ ಮೇಲೆ ಒಂದೇ ಗುಟ್ಟನ್ನು ಒಣಗಿಸುತ್ತಿದ್ದೆವು.

ಮರುದಿನದಿಂದ, ಮಿರಜ ಕಡೆಯ ತವರಿನವರಾದ ಅತ್ತೆಯವರು ರೊಟ್ಟಿ ಬಡಿಯುತ್ತ ಮರಾಠಿಯಲ್ಲಿ ಎಣಿಸತೊಡಗಿದರು: ಏಕ, ದೋನ, ತೀನ... ಅವರು ಒಂದು ಹೊತ್ತು ತಪ್ಪಿದರೆ ನೆನಪಿಸಬೇಕಾದವಳು ನಾನು, ದಿನವೂ ತಪ್ಪಿಸುತ್ತಿದ್ದವಳೂ ನಾನೇ. ಮಕ್ಕಳು, ದನ, ಕಬ್ಬಿನ ಆಳುಗಳ ಬುತ್ತಿ ಮುಗಿಯುವಷ್ಟರಲ್ಲಿ ಐದರವರೆಗೆ ಎಣಿಸುವ ತ್ರಾಣವೂ ಉಳಿಯುತ್ತಿರಲಿಲ್ಲ.

ಐದು ತಿಂಗಳ ಮೇಲೆ, ಅತ್ತೆಯವರ ಒತ್ತಾಯಕ್ಕೆ, ಇಬ್ಬರೂ ಅಥಣಿಯ ಬಸ್ಸು ಹತ್ತಿದೆವು. ದಾರಿಯ ಧೂಳಿಗೆ ಅತ್ತೆಯವರು ಇಡೀ ಬಸ್ಸು ತಿರುಗಿ ನೋಡುವಂತೆ ಸೀನಿದರು, ಆಮೇಲೆ ನನ್ನ ಕಿವಿಯಲ್ಲಿ, "ಒಂದ ಹನಿನೂ ಇಲ್ಲ ನೋಡ ತಂಗಿ!" ಎಂದರು. ವರ್ಷದಿಂದ ತಡೆದಿಟ್ಟ ನಗುವನ್ನೆಲ್ಲ ಒಮ್ಮೆಲೇ ನಕ್ಕೆ. ತೋಯ್ದದ್ದು ನಾನು.

ಅತ್ತೆಯವರು ಕೈಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಸೆರಗಿನ ಮರೆಯಲ್ಲಿ ನನ್ನ ಕೈಗಿತ್ತರು. "ನೀ ತಗೋ. ನನಗ ಇನ್ನ ಬ್ಯಾಡ" ಎಂದರು.

ಈಗಲೂ ಸೀನು ಬಂದರೆ ಕಾಲಿನ ಮೇಲೆ ಕಾಲು ಹಾಕುತ್ತೇನೆ, ಹಳೆಯ ಚಾಳಿ. ಆದರೆ ಅದಕ್ಕೂ ಮುನ್ನ ಒಳಗೆ ಬಿಗಿ ಹಿಡಿದು, ಅಚ್ಚ ಕನ್ನಡತಿಯಾದ ನಾನು, ಅತ್ತೆಯವರ ಮರಾಠಿಯಲ್ಲಿ ಎಣಿಸುತ್ತೇನೆ: ಏಕ, ದೋನ...