ಟೈಪಕ್ಕ ಸೇರಿಸಿದ ಒಂದು ಸಾಲು

ಬೀದಿ ದೀಪ ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಟೈಪಕ್ಕನ ಬೆರಳುಗಳು ಆಗಲೇ ಕೀಬೋರ್ಡಿನ ಮೇಲೆ ಓಡಾಡುತ್ತಿವೆ. ಊರಿನ ಬರಹಗಾರರೆಲ್ಲ ಅವರನ್ನು ಕರೆಯುವುದೇ ಹಾಗೆ. ಎಂಥ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ಅವರು ಸಲೀಸಾಗಿ ಓದುತ್ತಾರೆ. ಇಪ್ಪತ್ತು ವರ್ಷಗಳಿಂದ ಎಷ್ಟೋ ಕಾದಂಬರಿಗಳು ಈ ಕೋಣೆಯಿಂದ ಅಚ್ಚಿಗೆ ಹೋಗಿವೆ. ಯಾವುದರಲ್ಲೂ ಅವರ ಹೆಸರಿಲ್ಲ.

“ಬರೆಯೋರು ಅವ್ರು, ಅಳೋರು ಓದೋರು. ಮಧ್ಯೆ ಬೆನ್ನು ನೋಯಿಸ್ಕೊಳ್ಳೋಳು ನಾನು,” ಎಂದು ನಗುತ್ತಾರೆ.

ಸ್ವಂತದ್ದು ಒಂದಕ್ಷರವೂ ಸೇರಬಾರದು ಎಂಬುದು ಅವರ ನಿಯಮ. ಅದು ತಪ್ಪಿದ್ದು ಹೋದ ತಿಂಗಳು.

ಆಗ ಕೈಯಲ್ಲಿದ್ದದ್ದು, ಈಗಲೂ ಇರುವುದು, ಒಂದು ಐತಿಹಾಸಿಕ ಕಾದಂಬರಿ. ಶತಮಾನದ ಹಿಂದಿನ ಹೆಸರಾಂತ ಲೇಖಕರೊಬ್ಬರ ಸಂಸಾರ, ಅವರು ಕಳೆದುಕೊಂಡ ಪುಟ್ಟ ಮಗಳು, ಆ ದುಃಖ ಅದರ ವಸ್ತು. ಲೇಖಕರ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಮಗುವಿನ ಬಗ್ಗೆ ಗೊತ್ತಿರುವುದು, ಜ್ವರದಲ್ಲಿ ತೀರಿಕೊಂಡಿತು ಎಂಬುದಷ್ಟೇ. ಟೈಪಕ್ಕನ ಮಗಳೂ ಆರನೇ ವಯಸ್ಸಿಗೆ ಜ್ವರದಲ್ಲೇ ಹೋದವಳು. ಮನೆಯಲ್ಲಿ ಆ ಮಾತು ಎತ್ತಿದರೆ ಸಾಕು, ಗಂಡ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಸಾವಿನ ಅಧ್ಯಾಯ ಟೈಪ್ ಮಾಡುವಾಗ ಕಣ್ಣು ಮಂಜಾದರೂ ಬೆರಳು ನಿಲ್ಲಲಿಲ್ಲ. ಕರಡು ನೋಡಿದ ಕಾದಂಬರಿಕಾರರು ಒಂದು ಸಾಲಿನ ಬಳಿ ನಿಂತರು: ‘ಅಮ್ಮ ಬಿಸಿ ಹಾಲನ್ನು ಊದಿ ಕೊಡುವುದನ್ನು ನೋಡಿ, ಹುಡುಗಿ ತಣ್ಣೀರನ್ನೂ ಊದಿ ಊದಿ ಕುಡಿಯುತ್ತಿದ್ದಳು.’

“ಅಕ್ಕ, ಇದು ನಾನು ಬರೆದದ್ದಲ್ಲವಲ್ಲ.”

ಟೈಪಕ್ಕ ಎದ್ದು ನಿಂತರು. “ತಪ್ಪಾಯ್ತು ಸರ್. ನನ್ನ ಮಗಳು ಹಾಗೆ ಕುಡೀತಿದ್ಲು. ಕೈ ತಾನಾಗೇ ಹೋಯ್ತು. ಅಳಿಸಿಬಿಡ್ತೀನಿ.” ಕೆಲಸ ಹೋದರೆ ಹೋಗಲಿ, ಆ ಸಾಲನ್ನು ಕೈಯಾರೆ ಅಳಿಸುವುದು ಹೇಗೆ ಎಂಬುದೇ ಅವರ ಸಂಕಟ.

ಕಾದಂಬರಿಕಾರರು ಕುರ್ಚಿ ಎಳೆದು ಕೂತರು. “ಇಡೀ ಅಧ್ಯಾಯದಲ್ಲಿ ಆ ಮಗು ಸಾಯೋದನ್ನೇ ಬರೆದಿದ್ದೆ. ಅದು ಬದುಕಿದ್ದು ಕಾಣೋದು ಈ ಒಂದು ಸಾಲಲ್ಲೇ. ನೀವು ಒಪ್ಪಿದ್ರೆ ಇರಲಿ ಬಿಡಿ.”

“ಅವರ ಋಣ ತೀರಿಸೋಕಾಗಲ್ಲ,” ಎನ್ನುತ್ತಾರೆ ಟೈಪಕ್ಕ. ಆ ಸಂಜೆ ಕರಡಿನ ಹಾಳೆಯನ್ನು ಗಂಡನ ಮುಂದಿಟ್ಟರಂತೆ. ಅವರು ಓದಿದರು, ಎದ್ದು ಹೋಗಲಿಲ್ಲ. “ಲೋಟದಲ್ಲಿ ಗುಳ್ಳೆ ಬೇರೆ ಬರಿಸ್ತಿದ್ಲು. ಅದನ್ನ ಬಿಟ್ಟಿದ್ದೀಯ,” ಎಂದರು. ಗುಳ್ಳೆಯೂ ಈಗ ಕಾದಂಬರಿ ಸೇರಿದೆ.

ಪುಸ್ತಕದಲ್ಲಿ ಹೆಸರು ಹಾಕುತ್ತೇವೆ ಎಂದರೆ ಟೈಪಕ್ಕ ಬೇಡ ಎಂದಿದ್ದಾರೆ. “ಯಾರ ಮಗು ಅಂತ ಗೊತ್ತಾಗೋದು ಬೇಡ. ಓದಿದೋರು ಆ ಸಾಲಿಗೆ ಒಂದ್ಸಲ ನಕ್ಕರೆ ಸಾಕು. ಅವಳನ್ನ ನೋಡಿ ಯಾರಾದ್ರೂ ನಕ್ಕು ತುಂಬ ವರ್ಷ ಆಯ್ತು.”